ಸೊಳ್ಳೆ ಬಿಡುವ ಮೊದಲು ಊರಿಗೆ ಹೇಳಿ: ಐಸಿಎಂಆರ್‌ಗೆ ಒಂದು ಬಹಿರಂಗ ಪತ್ರ

ಗೆ,
ಮಹಾನಿರ್ದೇಶಕರು,
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ನವದೆಹಲಿ.

ಪ್ರತಿ: ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಕರ್ನಾಟಕ ಸರ್ಕಾರ.

ಮಾನ್ಯರೇ,

ಪುದುಚೇರಿಯಲ್ಲಿರುವ ನಿಮ್ಮ ಸೊಳ್ಳೆ ಸಂಶೋಧನಾ ಕೇಂದ್ರವು ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವನ್ನು ಹೊತ್ತ, ಡೆಂಗಿ ಹರಡುವ ಜಾತಿಯಾದ ಈಡಿಸ್ ಈಜಿಪ್ಟೈ ಸೊಳ್ಳೆಗಳ ಎರಡು ತಳಿಗಳನ್ನು ಸಿದ್ಧಪಡಿಸಿದೆ ಎಂಬ ಸುದ್ದಿ 2022ರಲ್ಲಿ ಪತ್ರಿಕೆಗಳಲ್ಲಿ ಬಂತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಿಂದ ಮೊಟ್ಟೆಗಳನ್ನು ತಂದು, ಪುದುಚೇರಿಯ ಸ್ಥಳೀಯ ಸೊಳ್ಳೆಗಳೊಂದಿಗೆ ತಲೆಮಾರುಗಟ್ಟಲೆ ಕೂಡಿಸಿ ಬೆಳೆಸಿದ ತಳಿಗಳವು. ಡೆಂಗಿ ಮತ್ತು ಚಿಕೂನ್‌ಗುನ್ಯ ವೈರಸ್‌ಗಳು ಈ ಸೊಳ್ಳೆಗಳ ಮೈಯಲ್ಲಿ ಸುಲಭವಾಗಿ ಬೆಳೆಯುವುದಿಲ್ಲ. ನಾನು ಈ ಕೆಲಸದ ಪರವಾಗಿದ್ದೇನೆ. ರಾಯಚೂರು ಜಿಲ್ಲೆಯ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಈ ಬ್ಯಾಕ್ಟೀರಿಯಾ ಮಾಡುವ ಚಮತ್ಕಾರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದಾಗ ಕೊನೆಯ ಬೆಂಚಿನವರೂ ತಲೆ ಎತ್ತಿ ನೋಡಿದ್ದು ನನಗೆ ಗೊತ್ತು. ಆದ್ದರಿಂದಲೇ ಈ ಪತ್ರ. ದೇಶದ ಯಾವುದೇ ಊರಿನಲ್ಲಿ ಈ ಸೊಳ್ಳೆಗಳನ್ನು ಬಿಡುವ ಮೊದಲು, ಅವು ಏನು ಮಾಡುತ್ತವೆ ಎಂಬುದನ್ನು ಆ ಊರಿನವರಿಗೆ ಅವರ ಭಾಷೆಯಲ್ಲಿ, ಏನನ್ನೂ ಬಚ್ಚಿಡದೆ ಹೇಳಬೇಕು. ಇಷ್ಟೇ ನನ್ನ ಕೋರಿಕೆ. ಇದು ಸಣ್ಣ ಮಾತಾಗಿ ಕಾಣಬಹುದು. ನಿಮ್ಮದೇ ಸಂಸ್ಥೆಯ ಹಳೆಯ ಕಡತಗಳನ್ನು ತೆರೆದರೆ ಸಣ್ಣದಲ್ಲ ಎಂದು ತಿಳಿಯುತ್ತದೆ. ಆ ಕಡತದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಡೆಂಗಿ ಎಂದರೆ ಈವರೆಗೆ ಜನರಿಗೆ ಗೊತ್ತಿರುವುದು ಲಾರ್ವಾ ಸಮೀಕ್ಷೆ, ಫಾಗಿಂಗ್ ಮತ್ತು ದಂಡ. 2024ರಲ್ಲಿ ರಾಜ್ಯದಲ್ಲಿ 32 ಸಾವಿರಕ್ಕೂ ಹೆಚ್ಚು ಡೆಂಗಿ ಪ್ರಕರಣಗಳು ದಾಖಲಾದವು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಮನೆಯಲ್ಲಿ ಸೊಳ್ಳೆ ಮರಿಗಳು ಕಂಡರೆ ನಗರಗಳಲ್ಲಿ 400 ರೂಪಾಯಿ, ಹಳ್ಳಿಗಳಲ್ಲಿ 200 ರೂಪಾಯಿ ದಂಡ ಎಂದು ನಿಗದಿಯಾಯಿತು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಖಾತ್ರಿ ಇಲ್ಲದ ಬಡಾವಣೆಯಲ್ಲಿ ಹೆಣ್ಣುಮಗಳೊಬ್ಬಳು ಸಿಮೆಂಟ್ ತೊಟ್ಟಿ, ಪ್ಲಾಸ್ಟಿಕ್ ಡ್ರಮ್ಮು, ಕೊಡ, ಬಕೆಟ್ಟು ಎಲ್ಲವನ್ನೂ ತುಂಬಿಟ್ಟುಕೊಳ್ಳದೆ ಏನು ಮಾಡಬೇಕು? ಆ ತೊಟ್ಟಿಯ ಒಳಗೋಡೆಯನ್ನು ಟಾರ್ಚ್ ಹಿಡಿದು ನೋಡಿ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆಯಾದ ಪಟ್ಟಿಯಲ್ಲಿ, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಒಂದೊಂದಾಗಿ ಅಂಟಿರುತ್ತವೆ. ಅವು ಈಡಿಸ್ ಮೊಟ್ಟೆಗಳು. ನೀರು ಚೆಲ್ಲಿದರೆ ಅವು ಹೋಗುವುದಿಲ್ಲ. ಒಣಗಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ತೊಟ್ಟಿಯ ಗೋಡೆಯನ್ನು ತಿಕ್ಕಿ ತೊಳೆಯಿರಿ ಎಂದು ಆಶಾ ಕಾರ್ಯಕರ್ತೆಯರು ಬಾಯಿ ನೋಯುವಷ್ಟು ಸಲ ಹೇಳುವುದು ಇದಕ್ಕೇ. ಮರಿಗಳನ್ನು ಕೊಲ್ಲುವ ಟೆಮಿಫಾಸ್ ಔಷಧಿ ಹಾಕುವುದು, ಗಪ್ಪಿ ಮೀನು ಬಿಡುವುದು ಎಲ್ಲವೂ ನಡೆದಿದೆ. ಡೆಂಗಿ ಮಾತ್ರ ಪ್ರತಿ ಮುಂಗಾರಿಗೂ ಹಾಜರ್. ಹೊಸ ದಾರಿ ಬೇಕು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಇನ್ನು ಆ ಬ್ಯಾಕ್ಟೀರಿಯಾದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಪತ್ರ ನಿಮ್ಮ ಹೆಸರಿಗಿದ್ದರೂ ಇದನ್ನು ಓದುವ ಬಹಳ ಮಂದಿಗೆ ಈ ಕಥೆಯನ್ನು ಯಾರೂ ಹೇಳಿಲ್ಲ.

1924ರಲ್ಲಿ ಮಾರ್ಷಲ್ ಹರ್ಟಿಗ್ ಮತ್ತು ಸೈಮಿಯನ್ ವೊಲ್ಬಾಕ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಕ್ಯೂಲೆಕ್ಸ್ ಎಂಬ ಚರಂಡಿ ಸೊಳ್ಳೆಯ ಅಂಡಾಶಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಜೀವಕೋಶಗಳ ಒಳಗೆ ಅತಿ ಸಣ್ಣ ಬ್ಯಾಕ್ಟೀರಿಯಾಗಳು ಕಂಡವು. 1936ರಲ್ಲಿ ಹರ್ಟಿಗ್ ತನ್ನ ಜೊತೆಗಾರನ ಹೆಸರಿನಿಂದ ಅದಕ್ಕೆ ವೊಲ್ಬಾಕಿಯಾ ಎಂದು ನಾಮಕರಣ ಮಾಡಿದ. ಅದು ಅಲ್ಲಿ ಏನು ಮಾಡುತ್ತಿದೆ ಎಂದು ದಶಕಗಳ ಕಾಲ ಯಾರಿಗೂ ತಿಳಿಯಲಿಲ್ಲ. ಅದೇ ಹೊತ್ತಿನಲ್ಲಿ ಯುರೋಪಿನಲ್ಲಿ ಬೇರೊಂದು ಒಗಟು ಎದ್ದಿತ್ತು. ಒಂದು ಊರಿನ ಕ್ಯೂಲೆಕ್ಸ್ ಗಂಡನ್ನು ಇನ್ನೊಂದು ಊರಿನ ಹೆಣ್ಣಿನೊಂದಿಗೆ ಕೂಡಿಸಿದರೆ ಮೊಟ್ಟೆಗಳು ಒಡೆಯುತ್ತಿರಲಿಲ್ಲ. ಅದೇ ಊರುಗಳ ಗಂಡು ಹೆಣ್ಣನ್ನು ಅದಲುಬದಲು ಮಾಡಿದರೆ ಮಕ್ಕಳು ಸರಾಗವಾಗಿ ಹುಟ್ಟುತ್ತಿದ್ದವು. ಜರ್ಮನಿಯ ಹಾನ್ಸ್ ಲಾವೆನ್ 1950ರ ದಶಕದಲ್ಲಿ ಇಂಥ ನೂರಾರು ಜೋಡಿಗಳನ್ನು ಕೂಡಿಸಿ, ಈ ಗುಣ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂದು ತೋರಿಸಿದ. ಕಾರಣ ಅವನಿಗೂ ಗೊತ್ತಿರಲಿಲ್ಲ. 1971ರಲ್ಲಿ ಯೆನ್ ಮತ್ತು ಬಾರ್ ಎಂಬವರು ಸೊಳ್ಳೆಗಳಿಗೆ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟು ಬ್ಯಾಕ್ಟೀರಿಯಾವನ್ನು ತೊಲಗಿಸಿ ನೋಡಿದರು. ಕೂಡಿಕೆಗೆ ಇದ್ದ ತಡೆ ಮಾಯವಾಯಿತು. ಅಪರಾಧಿ ಸಿಕ್ಕಿತು.

ಈ ಬ್ಯಾಕ್ಟೀರಿಯಾದ ಬದುಕೇ ವಿಚಿತ್ರ. ಅದು ಜೀವಕೋಶದ ಹೊರಗೆ ಬಾಳುವುದಿಲ್ಲ. ಗಾಳಿಯಲ್ಲಿ, ನೀರಿನಲ್ಲಿ, ಕಚ್ಚಿದ ಗಾಯದ ಮೂಲಕ ಹರಡುವುದಿಲ್ಲ. ಮುಂದಿನ ತಲೆಮಾರಿಗೆ ಹೋಗಲು ಅದಕ್ಕೆ ಇರುವುದು ಮೊಟ್ಟೆಯೊಂದೇ ದಾರಿ. ವೀರ್ಯಾಣು ರೂಪುಗೊಳ್ಳುವಾಗ ಅದರಲ್ಲಿದ್ದ ಬ್ಯಾಕ್ಟೀರಿಯಾಗಳೆಲ್ಲ ಕಸದೊಂದಿಗೆ ಹೊರಕ್ಕೆ ತಳ್ಳಲ್ಪಡುತ್ತವೆ. ಹಾಗಾಗಿ ಗಂಡು ಸೊಳ್ಳೆಯೊಳಗೆ ಸಿಕ್ಕಿಕೊಂಡ ವೊಲ್ಬಾಕಿಯಾಕ್ಕೆ ಭವಿಷ್ಯವೇ ಇಲ್ಲ. ಆದರೂ ಅದು ಸುಮ್ಮನೆ ಕೂರುವುದಿಲ್ಲ. ತಾನು ಹೋಗಲಾರದ ವೀರ್ಯಾಣುವಿನ ಮೇಲೆ ಒಂದು ಗುರುತು ಹಾಕಿ ಕಳಿಸುತ್ತದೆ. ಬೀಗ ಜಡಿದು, ಕೀಲಿಕೈಯನ್ನು ಮಾತ್ರ ತನ್ನ ಬಳಗದ ಹೆಣ್ಣುಗಳ ಕೈಗೆ ಕೊಟ್ಟಂತೆ. ಆ ಗಂಡು ವೊಲ್ಬಾಕಿಯಾ ಇಲ್ಲದ ಹೆಣ್ಣಿನೊಂದಿಗೆ ಕೂಡಿದರೆ ಬೀಗ ತೆರೆಯುವವರಿಲ್ಲ, ಭ್ರೂಣ ಸಾಯುತ್ತದೆ. ವೊಲ್ಬಾಕಿಯಾ ಇರುವ ಹೆಣ್ಣಿನೊಂದಿಗೆ ಕೂಡಿದರೆ ಅವಳ ಮೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಬೀಗ ತೆರೆಯುತ್ತದೆ, ಮರಿಗಳು ಹುಟ್ಟುತ್ತವೆ, ಆ ಮರಿಗಳೆಲ್ಲವೂ ತಾಯಿಯಿಂದ ವೊಲ್ಬಾಕಿಯಾ ಪಡೆದಿರುತ್ತವೆ.

ಮೊಟ್ಟೆಯ ಒಳಗೆ ಆಗುವುದನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಕ್ರೂರವಾಗಿ ಕಾಣುತ್ತದೆ. ವೀರ್ಯಾಣು ಮೊಟ್ಟೆಯನ್ನು ಹೊಕ್ಕಾಗಿದೆ, ಗರ್ಭ ಕಟ್ಟಿದೆ, ತಾಯಿಯ ವರ್ಣತಂತುಗಳೂ ತಂದೆಯ ವರ್ಣತಂತುಗಳೂ ಮೊದಲ ವಿಭಜನೆಗೆ ಅಕ್ಕಪಕ್ಕ ನಿಂತಿವೆ. ತಾಯಿಯ ಕಡೆಯವು ಸರಿಯಾದ ಹೊತ್ತಿಗೆ ಸಿದ್ಧವಾಗಿ ಎರಡು ಭಾಗವಾಗಿ ಹೊರಡುತ್ತವೆ. ತಂದೆಯ ಕಡೆಯವು ಇನ್ನೂ ಸಿದ್ಧವಾಗಿರುವುದಿಲ್ಲ, ತಡವಾಗುತ್ತವೆ. ಕೋಶ ಕಾಯುವುದಿಲ್ಲ. ಹಿಂದುಳಿದ ಆ ವರ್ಣತಂತುಗಳು ನಡುವೆ ಎಳೆದಾಡಲ್ಪಟ್ಟು ಹರಿಯುತ್ತವೆ, ಭ್ರೂಣ ಅಲ್ಲಿಗೇ ಮುಗಿಯುತ್ತದೆ. ಈ ತಡವನ್ನು ಹುಟ್ಟಿಸುವ ಎರಡು ಜೀನುಗಳನ್ನು 2017ರಲ್ಲಿ ಎರಡು ಸಂಶೋಧನಾ ತಂಡಗಳು ಗುರುತಿಸಿದವು. ಅವುಗಳ ಹೆಸರು ಸಿಫ್-ಎ ಮತ್ತು ಸಿಫ್-ಬಿ. ಈಗಿನ ತಿಳಿವಳಿಕೆಯ ಪ್ರಕಾರ ಡಬ್ಲ್ಯುಮೆಲ್ ಎಂಬ ವೊಲ್ಬಾಕಿಯಾ ತಳಿಯಲ್ಲಿ ಗಂಡಿನೊಳಗೆ ಗುರುತು ಹಾಕಲು ಎರಡೂ ಬೇಕು, ಹೆಣ್ಣಿನೊಳಗೆ ಅದನ್ನು ಬಿಡಿಸಲು ಸಿಫ್-ಎ ಒಂದೇ ಸಾಕು. ತಮಾಷೆಯೆಂದರೆ ಈ ಜೀನುಗಳು ವೊಲ್ಬಾಕಿಯಾದ ಸ್ವಂತ ಆಸ್ತಿಯೂ ಅಲ್ಲ. ಅವು ಇರುವುದು ಆ ಬ್ಯಾಕ್ಟೀರಿಯಾದೊಳಗೆ ಸೇರಿಕೊಂಡ ಒಂದು ವೈರಸ್‌ನ ಡಿಎನ್‌ಎ ತುಣುಕಿನಲ್ಲಿ. ಸೊಳ್ಳೆಯೊಳಗೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾದೊಳಗೆ ವೈರಸ್. ಯಾರು ಯಾರ ಮನೆಯಲ್ಲಿ ಬಾಡಿಗೆಗಿದ್ದಾರೆ ಎಂದು ಹೇಳುವುದು ಕಷ್ಟ.

ಬೇರೆ ಕೀಟಗಳಲ್ಲಿ ವೊಲ್ಬಾಕಿಯಾ ಇನ್ನೂ ದಿಟ್ಟ ಆಟಗಳನ್ನು ಆಡುತ್ತದೆ. ಕೆಲವು ಚಿಟ್ಟೆಗಳಲ್ಲಿ ಗಂಡು ಭ್ರೂಣಗಳನ್ನು ಕೊಲ್ಲುತ್ತದೆ. ಟ್ರೈಕೋಗ್ರಾಮಾ ಎಂಬ ಪುಟ್ಟ ಕಣಜದಲ್ಲಿ ಗಂಡಿನ ಗೊಡವೆಯೇ ಇಲ್ಲದೆ ಹೆಣ್ಣುಮರಿಗಳು ಹುಟ್ಟುವಂತೆ ಮಾಡುತ್ತದೆ. ಕೀಟಗಳ ಸಾಲಿಗೆ ಸೇರದ, ಮುಟ್ಟಿದರೆ ಉಂಡೆಯಾಗುವ ಒಂದು ಜಾತಿಯ ನೆಲಹುಳುವಿನಲ್ಲಿ ಗಂಡಾಗಬೇಕಾದದ್ದನ್ನು ಹೆಣ್ಣಾಗಿಸುತ್ತದೆ. ಎಲ್ಲದರ ಲೆಕ್ಕಾಚಾರ ಒಂದೇ: ಹೆಣ್ಣು ಹೆಚ್ಚಬೇಕು, ಅದರಲ್ಲೂ ತನ್ನನ್ನು ಹೊತ್ತ ಹೆಣ್ಣು ಹೆಚ್ಚಬೇಕು. ಸೊಳ್ಳೆಗಳ ಮಟ್ಟಿಗೆ ಅದು ಅಷ್ಟು ದೂರ ಹೋಗಿಲ್ಲ, ಬೀಗ ಹಾಕುವುದರಲ್ಲೇ ತೃಪ್ತಿಪಟ್ಟುಕೊಂಡಿದೆ.

ಸಾರ್ವಜನಿಕರಿಗೆ ಮೊದಲು ಹೇಳಬೇಕಾದ ಮಾತು ಇನ್ನೊಂದಿದೆ. ರಾತ್ರಿ ನಮ್ಮ ಕಿವಿಯ ಬಳಿ ಗುಂಯ್‌ಗುಡುವ ಚರಂಡಿ ಸೊಳ್ಳೆ, ಅಂದರೆ ಕ್ಯೂಲೆಕ್ಸ್, ಮೊದಲಿನಿಂದಲೂ ವೊಲ್ಬಾಕಿಯಾವನ್ನು ಹೊತ್ತೇ ಇದೆ. ನಮ್ಮ ಅಜ್ಜ, ಮುತ್ತಜ್ಜರೆಲ್ಲ ಅದರಿಂದ ಕಚ್ಚಿಸಿಕೊಂಡವರೇ. ತೋಟಗಳಲ್ಲಿ ಹಗಲು ಕಚ್ಚುವ ಈಡಿಸ್ ಆಲ್ಬೊಪಿಕ್ಟಸ್‌ನಲ್ಲಿಯೂ ಅದು ಇದೆ. ಕೀಟ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಅದು ಇದೆ ಎಂಬುದು ಅಂದಾಜು. ಡೆಂಗಿಯ ಮುಖ್ಯ ವಾಹಕ ಈಡಿಸ್ ಈಜಿಪ್ಟೈಯಲ್ಲಿ ಮಾತ್ರ ಸಹಜವಾಗಿ ಇರಲಿಲ್ಲ. ಆದ್ದರಿಂದ ಹಣ್ಣಿನ ನೊಣದಿಂದ ತೆಗೆದ ಡಬ್ಲ್ಯುಮೆಲ್ ತಳಿಯನ್ನೂ ಆಲ್ಬೊಪಿಕ್ಟಸ್‌ನಿಂದ ತೆಗೆದ ಡಬ್ಲ್ಯುಆಲ್ಬ್‌ಬಿ ತಳಿಯನ್ನೂ ಅತಿ ಸಣ್ಣ ಸೂಜಿಯಿಂದ ಅದರ ಭ್ರೂಣಗಳಿಗೆ ಚುಚ್ಚಿ ಸೇರಿಸಬೇಕಾಯಿತು. ಪುದುಚೇರಿಯ ಎರಡು ಸೊಳ್ಳೆ ತಳಿಗಳು ಹೊತ್ತಿರುವುದೂ ಇವನ್ನೇ. ಸೊಳ್ಳೆಯ ಜೀನುಗಳನ್ನು ತಿದ್ದಿಲ್ಲ. ಮನುಷ್ಯನಿಗೆ, ದನಕರುಗಳಿಗೆ ಈ ಬ್ಯಾಕ್ಟೀರಿಯಾ ಅಂಟುವುದಿಲ್ಲ. ಇದನ್ನು ಆಶಾ ಕಾರ್ಯಕರ್ತೆಯೊಬ್ಬಳು ಮನೆ ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಬಹುದು, ಅವಳಿಗೆ ಮೊದಲು ನೀವು ಹೇಳಿದರೆ.

ಈಗ ಆ ಕಡತಕ್ಕೆ ಬರೋಣ. ಈ ಬ್ಯಾಕ್ಟೀರಿಯಾದ ಬೀಗವನ್ನು ಮೊಟ್ಟಮೊದಲು ಊರೊಂದರಲ್ಲಿ ಬಳಸಿದ್ದು ಲಾವೆನ್. ಬರ್ಮಾದ ರಂಗೂನ್ ಸಮೀಪದ ಒಕ್ಪೊ ಎಂಬ ಹಳ್ಳಿಯಲ್ಲಿ ಹೊಂದಾಣಿಕೆಯಾಗದ ಗಂಡು ಕ್ಯೂಲೆಕ್ಸ್‌ಗಳನ್ನು ದಿನವೂ ಬಿಟ್ಟು, ಸುಮಾರು ಮೂರು ತಿಂಗಳಲ್ಲಿ ಆ ಹಳ್ಳಿಯ ಸೊಳ್ಳೆ ಸಂತತಿಯನ್ನೇ ಅಳಿಸಿದ. ಫಲಿತಾಂಶ 1967ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾವೇ ಕಾರಣ ಎಂದು ಗೊತ್ತಾಗುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು ಎಂಬುದನ್ನು ಗಮನಿಸಿ. ಒಕ್ಪೊ ಸುತ್ತಲಿನ ಊರುಗಳಿಂದ ದೂರವಿದ್ದ ಹಳ್ಳಿ, ಅದೇ ಅವನ ಅದೃಷ್ಟ.

ಅದರ ಉತ್ಸಾಹದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಿಮ್ಮ ಮಂಡಳಿ ಕೂಡಿ ನವದೆಹಲಿಯಲ್ಲಿ ಸೊಳ್ಳೆಗಳ ಆನುವಂಶಿಕ ನಿಯಂತ್ರಣ ಘಟಕವೊಂದನ್ನು ಆರಂಭಿಸಿದವು. ಹಣ ಅಮೆರಿಕದ ಪಿಎಲ್-480 ಎಂಬ ಆಹಾರ ನೆರವಿನ ನಿಧಿಯದು. ದೆಹಲಿ ಸುತ್ತಲಿನ ಹಳ್ಳಿಗಳಲ್ಲಿ ಗಂಡು ಕ್ಯೂಲೆಕ್ಸ್‌ಗಳನ್ನು ಬಿಡಲಾಯಿತು. ಹೊರಗಿನಿಂದ ಆಗಲೇ ಕೂಡಿ ಬಂದ ಹೆಣ್ಣು ಸೊಳ್ಳೆಗಳು ಹಾರಿ ಬಂದು ಮೊಟ್ಟೆ ಇಡುತ್ತಿದ್ದುದರಿಂದ ಒಕ್ಪೊದ ಯಶಸ್ಸು ಇಲ್ಲಿ ಕಾಣಲಿಲ್ಲ. ಅದು ವಿಜ್ಞಾನದ ತೊಡಕು, ಬಗೆಹರಿಸಬಹುದಿತ್ತು. ಬಗೆಹರಿಯದೇ ಹೋದದ್ದು ಇನ್ನೊಂದು. ಘಟಕ ಈಡಿಸ್ ಈಜಿಪ್ಟೈ ಸೊಳ್ಳೆಯ ಮೇಲೂ ಕೆಲಸ ಮಾಡುತ್ತಿತ್ತು, ಹರಿಯಾಣದ ಸೋನೆಪತ್‌ನಲ್ಲಿ ಅವುಗಳನ್ನು ಬಿಡುವ ಯೋಜನೆ ಇತ್ತು. ಹಳದಿ ಜ್ವರವನ್ನು ಹರಡುವ ಸೊಳ್ಳೆಯೂ ಅದೇ. ಹಳದಿ ಜ್ವರವೇ ಇಲ್ಲದ ದೇಶದಲ್ಲಿ ಆ ಸೊಳ್ಳೆಯ ಮೇಲೆ ಅಮೆರಿಕದ ಹಣದಲ್ಲಿ ಸಂಶೋಧನೆ ಏಕೆ, ಇದು ಜೈವಿಕ ಯುದ್ಧದ ತಯಾರಿಯೇ ಎಂದು ಪತ್ರಿಕೆಗಳು ಕೇಳಿದವು. ಗಂಡು ಸೊಳ್ಳೆಗಳನ್ನು ಬರಡಾಗಿಸಲು ಕ್ಯಾನ್ಸರ್‌ಕಾರಕ ಗುಣವಿರುವ ಥಯೋಟೆಪಾ ಎಂಬ ರಾಸಾಯನಿಕ ಬಳಸಿದ್ದೂ ಆಕ್ಷೇಪಕ್ಕೆ ಗುರಿಯಾಯಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಣೆ ನಡೆಸಿ 1975ರಲ್ಲಿ ಕಟುವಾದ ವರದಿ ಕೊಟ್ಟಿತು. ಸೋನೆಪತ್‌ನಲ್ಲಿ ಸೊಳ್ಳೆ ಬಿಡಲಿಲ್ಲ. ಅದೇ ವರ್ಷ ಘಟಕಕ್ಕೆ ಬೀಗ ಬಿತ್ತು.

ಯುದ್ಧದ ಆರೋಪಕ್ಕೆ ಆಧಾರವಿತ್ತೇ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಮಾತು ಇಷ್ಟು. ಆ ಪ್ರಶ್ನೆಗಳು ಕೇಳಲೇಬೇಕಾದ ಪ್ರಶ್ನೆಗಳು. ಅವುಗಳಿಗೆ ಮೊದಲೇ ಉತ್ತರ ಕೊಡದೆ, ಪತ್ರಕರ್ತರು ಕೇಳಿದಾಗ ತಡವರಿಸಿದ್ದರಿಂದ ಒಳ್ಳೆಯ ಕೆಲಸವೂ ಅದರೊಂದಿಗೇ ಕೊಚ್ಚಿಹೋಯಿತು. ಸೊಳ್ಳೆಗಳನ್ನು ಹೀಗೆ ಹೊರಗೆ ಬಿಟ್ಟು ನೋಡುವ ಕೆಲಸ ನಮ್ಮ ದೇಶದಲ್ಲಿ ಆಮೇಲೆ ದಶಕಗಳ ಕಾಲ ಮೇಲೇಳಲಿಲ್ಲ. ಆಗ ವಾಟ್ಸ್‌ಆ್ಯಪ್ ಇರಲಿಲ್ಲ. ಈಗ ಇದೆ. ‘ಸರ್ಕಾರವೇ ಸೊಳ್ಳೆ ಬಿಡುತ್ತಿದೆ’ ಎಂಬ ಒಂದು ಸಾಲಿನ ಸಂದೇಶ ಬೆಳಗಾಗುವಷ್ಟರಲ್ಲಿ ತಾಲ್ಲೂಕನ್ನೆಲ್ಲ ಸುತ್ತುತ್ತದೆ, ಏಕೆಂದರೆ ಅದು ನಿಜವೂ ಹೌದು. ನಿಜವಾದ ಸುದ್ದಿಯನ್ನು ನೀವೇ ಮೊದಲು ಹೇಳದಿದ್ದರೆ ಬೇರೆಯವರು ಅದಕ್ಕೆ ಬಾಲ ಕಟ್ಟಿ ಹೇಳುತ್ತಾರೆ.

ಹೇಳುವುದಾದರೆ ಪೂರ್ತಿ ಹೇಳಿ. ಸೊಳ್ಳೆ ಬಿಡುವುದರಲ್ಲಿ ಎರಡು ವಿಧಾನಗಳಿವೆ, ಎರಡರ ಪರಿಣಾಮವೂ ಬೇರೆ. ಸಿಂಗಪುರ 2016ರಿಂದ ಮಾಡುತ್ತಿರುವುದು ವೊಲ್ಬಾಕಿಯಾ ಹೊತ್ತ ಗಂಡುಗಳನ್ನು ಮಾತ್ರ ಬಿಡುವುದು. ಗಂಡು ಸೊಳ್ಳೆ ಕಚ್ಚುವುದಿಲ್ಲ. ಈಡಿಸ್ ಹೆಣ್ಣು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಕೂಡಿ, ಆ ವೀರ್ಯವನ್ನೇ ಕೊನೆಯವರೆಗೆ ಬಳಸಿಕೊಳ್ಳುತ್ತದೆ. ಆ ಒಂದು ಕೂಡಿಕೆ ಬೀಗ ಹಾಕಿದ ಗಂಡಿನೊಂದಿಗೆ ಆದರೆ ಅದು ಇಡುವ ಮೊಟ್ಟೆಗಳೆಲ್ಲ ವ್ಯರ್ಥ. ಸೊಳ್ಳೆ ಕಡಿಮೆಯಾಗುತ್ತದೆ, ಆದರೆ ವಾರ ವಾರವೂ ಬಿಡುತ್ತಲೇ ಇರಬೇಕು. ನಿಲ್ಲಿಸಿದರೆ ಅವು ಮರಳುತ್ತವೆ.

ಇನ್ನೊಂದು ಆಸ್ಟ್ರೇಲಿಯಾದ ಕೇರ್ನ್ಸ್ ಬಳಿಯ ಯಾರ್ಕೀಸ್ ನಾಬ್ ಮತ್ತು ಗಾರ್ಡನ್‌ವೇಲ್‌ನಲ್ಲಿ 2011ರಲ್ಲಿ ಸ್ಕಾಟ್ ಓನೀಲ್ ಅವರ ತಂಡ ಆರಂಭಿಸಿದ ವಿಧಾನ. ಇದರಲ್ಲಿ ಗಂಡು, ಹೆಣ್ಣು ಎರಡನ್ನೂ ಬಿಡುತ್ತಾರೆ. ಊರಿನ ಗಂಡುಗಳಲ್ಲಿ ಅರ್ಧದಷ್ಟಕ್ಕೆ ವೊಲ್ಬಾಕಿಯಾ ಇದೆ ಎಂದುಕೊಳ್ಳಿ. ವೊಲ್ಬಾಕಿಯಾ ಇಲ್ಲದ ಹೆಣ್ಣುಗಳಲ್ಲಿ ಅರ್ಧದಷ್ಟರ ಮೊಟ್ಟೆಗಳು ಸಾಯುತ್ತವೆ. ಇರುವ ಹೆಣ್ಣಿಗೆ ಯಾವ ಗಂಡು ಸಿಕ್ಕರೂ ಮರಿಗಳು ಹುಟ್ಟುತ್ತವೆ. ತಲೆಮಾರಿನಿಂದ ತಲೆಮಾರಿಗೆ ಲೆಕ್ಕ ಒಂದೇ ಕಡೆ ವಾಲುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ಬಿಡುವುದನ್ನು ನಿಲ್ಲಿಸಿದರೂ ವೊಲ್ಬಾಕಿಯಾ ತಾನಾಗಿಯೇ ಊರನ್ನು ಹಿಡಿಯುತ್ತದೆ. ಮಿತಿಯನ್ನು ಮುಟ್ಟದಿದ್ದರೆ ಅಳಿದುಹೋಗುತ್ತದೆ. ಪುದುಚೇರಿಯ ತಳಿಗಳನ್ನು ಬೆಳೆಸಿರುವುದೂ ಈ ವಿಧಾನಕ್ಕೇ. ಇಲ್ಲಿ ಸೊಳ್ಳೆ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ. ಬಿಡುವ ತಿಂಗಳುಗಳಲ್ಲಂತೂ ಕಚ್ಚುವ ಸೊಳ್ಳೆಗಳು ಹೆಚ್ಚಾಗುತ್ತವೆ. ಒಮ್ಮೆ ನೆಲೆಯೂರಿದರೆ ಹಿಂದಕ್ಕೆ ಕರೆಸಿಕೊಳ್ಳಲು ಸುಲಭದ ದಾರಿಯಿಲ್ಲ. ಈ ಮೂರು ಮಾತುಗಳನ್ನು ಕರಪತ್ರದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚುಹಾಕಬೇಡಿ, ಮೇಲೆಯೇ ಹಾಕಿ. ಅವನ್ನು ಕೇಳಿಯೂ ಜನ ಒಪ್ಪುತ್ತಾರೆ ಎಂಬ ನಂಬಿಕೆ ನನಗಿದೆ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಒಪ್ಪಿದರು. ಮನೆಯಂಗಳದಲ್ಲಿ ಸೊಳ್ಳೆ ಮೊಟ್ಟೆಯ ಬಕೆಟ್ಟುಗಳನ್ನು ಇಟ್ಟುಕೊಂಡರು.

ಯೋಗ್ಯಕರ್ತದ ಪ್ರಯೋಗ ಈ ವಿಷಯದಲ್ಲಿ ಅತ್ಯಂತ ಗಟ್ಟಿಯಾದ ಪುರಾವೆ. ನಗರವನ್ನು 24 ಭಾಗ ಮಾಡಿ, ಚೀಟಿ ಎತ್ತಿದಂತೆ ಆರಿಸಿ 12ರಲ್ಲಿ ಮಾತ್ರ ಬಿಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಡೆಂಗಿ ಶೇ 77ರಷ್ಟು ಕಡಿಮೆಯಾಗಿತ್ತು, ಡೆಂಗಿಯಿಂದ ಆಸ್ಪತ್ರೆ ಸೇರುವವರು ಶೇ 86ರಷ್ಟು ಕಡಿಮೆಯಾಗಿದ್ದರು. ಆದರೆ ಈ ಅಂಕಿಯನ್ನೊಂದನ್ನೇ ಹಿಡಿದು ಊರೂರು ತಿರುಗಬಾರದು. ಬ್ರೆಜಿಲ್‌ನ ನಿಟೆರೊಯ್‌ನಲ್ಲಿ ಶೇ 69ರಷ್ಟು ಇಳಿಕೆ ಕಂಡರೆ, ಕೊಲ್ಲಿಯ ಆಚೆ ದಡದ ರಿಯೊದಲ್ಲಿ ಶೇ 38 ಮಾತ್ರ. ರಿಯೊದ ಸೊಳ್ಳೆಗಳಲ್ಲಿ ಮೂರನೇ ಒಂದು ಭಾಗಕ್ಕಷ್ಟೇ ಆಗ ವೊಲ್ಬಾಕಿಯಾ ಹಬ್ಬಿತ್ತು. ಕ್ವಾಲಾಲಂಪುರದಲ್ಲಿ ಡಬ್ಲ್ಯುಆಲ್ಬ್‌ಬಿ ಬಿಟ್ಟಾಗ ಶೇ 40ರಷ್ಟು ಇಳಿಯಿತು. ಊರು ಬದಲಾದರೆ ಫಲವೂ ಬದಲಾಗುತ್ತದೆ.

ನಮ್ಮ ರಾಯಚೂರು, ಕಲಬುರಗಿ, ಯಾದಗಿರಿಗಳ ಚಿಂತೆ ನನಗೆ ಇರುವುದು ಇಲ್ಲಿಯೇ. ಡಬ್ಲ್ಯುಮೆಲ್‌ಗೆ ಬಿಸಿ ಆಗಿಬರುವುದಿಲ್ಲ. ದಿನದ ಬಿಸಿ 37 ಡಿಗ್ರಿಯವರೆಗೆ ಏರಿಳಿಯುವ ನೀರಿನಲ್ಲಿ ಬೆಳೆದ ಮರಿಗಳಲ್ಲಿ ಅದರ ಪ್ರಮಾಣ ಕುಸಿಯುತ್ತದೆ, ಬೀಗವೂ ಸಡಿಲಾಗುತ್ತದೆ, ಮುಂದಿನ ತಲೆಮಾರಿಗೆ ಸರಿಯಾಗಿ ದಾಟುವುದೂ ಇಲ್ಲ. ಇದು 2017ರಲ್ಲಿಯೇ ಪ್ರಯೋಗಾಲಯದಲ್ಲಿ ಸಾಬೀತಾಗಿದೆ. ಡಬ್ಲ್ಯುಆಲ್ಬ್‌ಬಿ ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಹಾಗಾದರೆ ಅದನ್ನೇ ಬಿಡೋಣ ಎಂದರೆ ಅದಕ್ಕೆ ಬೇರೆ ದೋಷವಿದೆ. ಆ ಸೊಳ್ಳೆಯ ಮೊಟ್ಟೆಗಳು ಬಹಳ ದಿನ ಒಣಗಿ ಬಿದ್ದಿದ್ದರೆ ಒಡೆಯುವ ಪ್ರಮಾಣ ಕುಗ್ಗುತ್ತದೆ. ಒಡೆದು ಬಂದ ಹೆಣ್ಣುಗಳಲ್ಲೂ ಅನೇಕವು ಬಂಜೆಯಾಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ, ತೊಟ್ಟಿಯ ಗೋಡೆ ವಾರಗಟ್ಟಲೆ ಒಣಗುವ ಊರಿನಲ್ಲಿ ಒಂದಕ್ಕೆ ಬಿಸಿಲು, ಇನ್ನೊಂದಕ್ಕೆ ಬರ ಅಡ್ಡಬರುತ್ತದೆ. ಮಂಗಳೂರಿನ ಸೆಕೆ ಬೇರೆ, ರಾಯಚೂರಿನ ಬಿಸಿಲು ಬೇರೆ. ಯಾವ ಜಿಲ್ಲೆಗೆ ಯಾವ ತಳಿ, ಯಾವ ತಿಂಗಳಲ್ಲಿ, ಯಾವ ಪರೀಕ್ಷೆಯ ಆಧಾರದ ಮೇಲೆ ಎಂಬುದನ್ನು ಬಿಡುಗಡೆಗೆ ಮೊದಲೇ ಪ್ರಕಟಿಸಿ. ತೊಟ್ಟಿ, ಡ್ರಮ್ಮುಗಳ ನೀರಿನ ಬಿಸಿಯನ್ನು ಅಳೆದಿದ್ದೀರಾ? ಗಾಳಿಯ ತಾಪಮಾನ ಹವಾಮಾನ ಇಲಾಖೆಯಲ್ಲಿ ಸಿಗುತ್ತದೆ. ಮರಿಗಳು ಬೆಳೆಯುವುದು ಗಾಳಿಯಲ್ಲಲ್ಲ. ಈ ಅಳತೆಗೆ ಒಂದು ಥರ್ಮಾಮೀಟರ್ ಮತ್ತು ಒಂದು ನೋಟ್‌ಬುಕ್ ಸಾಕು, ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಮಾಡಿಕೊಡುತ್ತಾರೆ.

ನಡುವೆ ಒಂದು ಮಾತು. ಕಲಬುರಗಿ, ಬೀದರ್, ಯಾದಗಿರಿಯ ಕಡೆ ಆನೆಕಾಲು ರೋಗದ ಹಾವಳಿ ನಿಮಗೆ ಗೊತ್ತೇ ಇದೆ. ಆ ರೋಗವನ್ನು ತರುವ ಹುಳುವಿನೊಳಗೂ ವೊಲ್ಬಾಕಿಯಾ ಇದೆ. ಅಲ್ಲಿ ಅದು ಹುಳುವಿಗೆ ಪ್ರಾಣಾಧಾರ. ರೋಗಿಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟು ಬ್ಯಾಕ್ಟೀರಿಯಾವನ್ನು ಕೊಂದರೆ ಹುಳು ಮೊದಲು ಬಂಜೆಯಾಗಿ ಆಮೇಲೆ ಸಾಯುತ್ತದೆ. ಹಾಗಾಗಿ ವೊಲ್ಬಾಕಿಯಾ ಎಂಬ ಹೆಸರು ಕೇಳಿದ ವೈದ್ಯರು ‘ಅದನ್ನು ಕೊಲ್ಲಬೇಕಲ್ಲವೇ, ನೀವೇಕೆ ಬಿಡುತ್ತೀರಿ’ ಎಂದು ಕೇಳಿದರೆ ಆಶ್ಚರ್ಯಪಡಬೇಡಿ. ಹುಳುವಿನ ಬ್ಯಾಕ್ಟೀರಿಯಾ ಬೇರೆ ತಳಿ, ಸೊಳ್ಳೆಗೆ ಸೇರಿಸಿದ್ದು ಬೇರೆ ತಳಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಇದರ ಉತ್ತರ ಮೊದಲೇ ಗೊತ್ತಿರಲಿ. ಊರಿನವರು ಮೊದಲು ಹೋಗಿ ಕೇಳುವುದು ಅವರನ್ನೇ, ನಿಮ್ಮನ್ನಲ್ಲ.

ಕೊನೆಯದಾಗಿ ಫಾಗಿಂಗ್. ರಿಯೊದ ಟುಬಿಯಾಕಾಂಗ ಎಂಬ ಬಡಾವಣೆಯಲ್ಲಿ ಮೊದಲ ಬಾರಿ ವೊಲ್ಬಾಕಿಯಾ ಸೊಳ್ಳೆಗಳನ್ನು ಬಿಟ್ಟಾಗ ಅವು ನೆಲೆಯೂರಲಿಲ್ಲ. ಬಿಡುತ್ತಿದ್ದಷ್ಟು ಕಾಲ ಏರಿದ ಪ್ರಮಾಣ, ನಿಲ್ಲಿಸಿದ ಮೇಲೆ ಕುಸಿಯಿತು. ಕಾರಣ ಹುಡುಕಿದಾಗ ಗೊತ್ತಾದದ್ದು ಸರಳ ಸಂಗತಿ. ಮನೆಗಳಲ್ಲಿ ಹೊಡೆಯುವ ಪೈರೆಥ್ರಾಯ್ಡ್ ಔಷಧಿಗೆ ಊರಿನ ಸೊಳ್ಳೆಗಳು ಒಗ್ಗಿಹೋಗಿದ್ದವು, ಪ್ರಯೋಗಾಲಯದ ಸೊಳ್ಳೆಗಳಿಗೆ ಆ ಶಕ್ತಿ ಇರಲಿಲ್ಲ. ಸ್ಥಳೀಯ ಸೊಳ್ಳೆಗಳೊಂದಿಗೆ ಮತ್ತೆ ಕೂಡಿಸಿ, ಅದೇ ನಿರೋಧಕ ಗುಣವಿರುವ ತಳಿಯನ್ನು ಬಿಟ್ಟ ಮೇಲೆ ವೊಲ್ಬಾಕಿಯಾ ನೆಲೆಯೂರಿತು. ಪುದುಚೇರಿಯ ತಳಿಗಳ ಮೈಯಲ್ಲಿರುವುದು ಪುದುಚೇರಿಯ ಸೊಳ್ಳೆಯ ಗುಣಗಳು. ಅವನ್ನು ಹಾಗೆಯೇ ಬೆಂಗಳೂರಿಗೋ ಹುಬ್ಬಳ್ಳಿಗೋ ತರುತ್ತೀರೋ, ಅಲ್ಲಿಯ ಸೊಳ್ಳೆಗಳೊಂದಿಗೆ ಕೂಡಿಸಿ ಆಮೇಲೆ ಬಿಡುತ್ತೀರೋ, ಆ ಊರಿನ ಸೊಳ್ಳೆಗಳು ಯಾವ ಔಷಧಿಗೆ ಎಷ್ಟು ಒಗ್ಗಿವೆ ಎಂದು ಪರೀಕ್ಷಿಸಿದ್ದೀರೋ, ಇವಕ್ಕೆ ಲಿಖಿತ ಉತ್ತರ ಬೇಕು. ಬಿಡುವ ತಿಂಗಳುಗಳಲ್ಲಿ ಆ ವಾರ್ಡಿನಲ್ಲಿ ಫಾಗಿಂಗ್ ನಿಲ್ಲಿಸಬೇಕೆಂದರೆ ನಗರಸಭೆಗೆ ಲಿಖಿತ ಆದೇಶ ಹೋಗಬೇಕು. ಆದೇಶ ಹೋದರೂ ಡೆಂಗಿಯ ಒಂದು ಪ್ರಕರಣ ಕಂಡೊಡನೆ ವಾರ್ಡಿನ ಸದಸ್ಯರು ಹೊಗೆ ಯಂತ್ರ ತರಿಸುತ್ತಾರೆ. ಹೊಗೆ ಕಣ್ಣಿಗೆ ಕಾಣುತ್ತದೆ, ಮತದಾರರಿಗೂ ಕಾಣುತ್ತದೆ, ಬ್ಯಾಕ್ಟೀರಿಯಾ ಕಾಣುವುದಿಲ್ಲ. ಹಣ ಸುರಿದು ಬಿಟ್ಟ ಸೊಳ್ಳೆಗಳನ್ನು ಸರ್ಕಾರದ ಹೊಗೆಯೇ ಕೊಲ್ಲುವ ಪರಿಸ್ಥಿತಿ ಬರಬಾರದು ಎಂದರೆ ಆ ಸದಸ್ಯರನ್ನು ಮೊದಲ ಸಭೆಗೇ ಕರೆಯಿರಿ. ಸಭೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಬೇಡ, ವಾರ್ಡಿನ ಶಾಲೆಯಲ್ಲಿ ನಡೆಯಲಿ. ಕಪ್ಪುಹಲಗೆ ಅಲ್ಲಿಯೇ ಇರುತ್ತದೆ. ವಿವರಿಸಲು ಯಾರೂ ಸಿಗದಿದ್ದರೆ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದೇವೆ. ಬಸ್ ಚಾರ್ಜು ಕೊಟ್ಟರೆ ಬರುತ್ತೇವೆ, ಕೊಡದಿದ್ದರೂ ಬರುತ್ತೇವೆ.

ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ರಾಯಚೂರು ಜಿಲ್ಲೆ